ಮಾಲತಿಯ ಹೋಟೆಲಿನ ನೀರು

ತಿತಿಮತಿ ಬಸ್ ನಿಲ್ದಾಣದ ಎದುರಿಗೆ ಮಾಲತಿಯ ಹೋಟೆಲು. ಮೂರು ಮೇಜು, ಆರು ಬೆಂಚು. ಬೆಳಿಗ್ಗೆ ಪುಟ್ಟು, ಕಡಲೆ ಸಾರು, ಮಧ್ಯಾಹ್ನ ಊಟ. ಅರಣ್ಯ ಇಲಾಖೆಯ ವಾಚರುಗಳು, ತೋಟದವರು, ಶಾಲೆಯ ಟೀಚರುಗಳು ಅಲ್ಲಿಯ ಗಿರಾಕಿಗಳು. ಗಂಡ ತೀರಿಹೋದ ಮೇಲೆ ಹನ್ನೊಂದು ವರ್ಷದಿಂದ ಅವಳೊಬ್ಬಳೇ ಅದನ್ನು ನಡೆಸುತ್ತಿದ್ದಳು. ಅಡುಗೆಗೂ ಕುಡಿಯುವುದಕ್ಕೂ ಹಿತ್ತಲಿನ ಬಾವಿಯ ನೀರೇ.

ಒಂದು ಸೋಮವಾರ ಊಟದ ಹೊತ್ತಿಗೆ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಯುವಕ ಬಂದ. ಹೆಸರು ಲೋಕೇಶ್, ನೀರು ಶುದ್ಧ ಮಾಡುವ ಮೆಷಿನ್ ಕಂಪನಿಯವನು ಎಂದ. ಪರೀಕ್ಷೆ ಪುಕ್ಕಟೆ, ಎರಡೇ ನಿಮಿಷ ಎಂದು ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟ. ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ತನ್ನ ಬಾಟಲಿಯಲ್ಲಿ ತಂದಿದ್ದ ಮೆಷಿನ್ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ಕರೆಂಟ್ ಹಾಕಿದ.

ನೋಡನೋಡುತ್ತ ಬಾವಿ ನೀರು ಹಳದಿಯಾಯಿತು, ಕಂದು ಬಣ್ಣಕ್ಕೆ ತಿರುಗಿತು, ಮೇಲೆ ಕೊಳೆಯಂಥ ನೊರೆ ಕಟ್ಟಿತು. ಮೆಷಿನ್ ನೀರು ಹಾಗೇ ತಿಳಿಯಾಗಿತ್ತು.

"ನೋಡಿ ಅಕ್ಕ, ದಿನಾ ಜನಕ್ಕೆ ಕುಡಿಸ್ತಿರೋದು ಇದನ್ನೇ," ಎಂದ ಲೋಕೇಶ್. ಮೆಲ್ಲಗೆ ಹೇಳಲಿಲ್ಲ.

ಬಾಳೆಲೆ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಜಯಪ್ರಕಾಶ್ ಬಾಯಿಗೆತ್ತಿದ್ದ ಲೋಟವನ್ನು ಕೆಳಗಿಟ್ಟ. ಪಕ್ಕದ ಬೆಂಚಿನಲ್ಲಿ ಒಬ್ಬರು ಲೋಟದ ನೀರು ಕುಡಿಯದೆ ಎದ್ದು ಕೈತೊಳೆದರು. ಮಾಲತಿಯ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಇದನ್ನೇ ಬಡಿಸಿದೆನಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಹಂಚು ಹೊದಿಸಲು ಇಟ್ಟಿದ್ದ ಹದಿನೆಂಟು ಸಾವಿರ ಕೊಟ್ಟು ಮರುದಿನವೇ ಮೆಷಿನ್ ಹಾಕಿಸಿಕೊಂಡಳು.

ಹದಿನೈದು ದಿನ ಕಳೆದ ಮೇಲೆ, ಕಾಫಿಗೆ ಬಂದ ಹೈಸ್ಕೂಲಿನ ವಿಜ್ಞಾನ ಟೀಚರ್ ಸುಮಿತಾ ಮೆಷಿನ್ ನೋಡಿ ವಿಚಾರಿಸಿದಳು. ಮಾಲತಿ ನಡೆದದ್ದನ್ನೆಲ್ಲ ಹೇಳಿದಳು.

"ಅಯ್ಯೋ ಮಾಲತಕ್ಕ, ಆ ಕಡ್ಡಿ ಕಬ್ಬಿಣದ್ದು. ಕರೆಂಟ್ ಹರಿದಾಗ ಕಬ್ಬಿಣವೇ ಕರಗಿ ಬಣ್ಣ ಬಿಡ್ತದೆ. ಬಾವಿ ನೀರಲ್ಲಿ ಲವಣ ಇರ್ತದೆ, ಅದಕ್ಕೆ ಕರೆಂಟ್ ಹರೀತದೆ. ಮೆಷಿನ್ ನೀರಲ್ಲಿ ಲವಣ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅವರ ನೀರಿಗೇ ಒಂದು ಚಿಟಿಕೆ ಉಪ್ಪು ಹಾಕಿ ನೋಡಿ, ಅದೂ ಹಾಗೇ ಆಗ್ತದೆ."

"ಹಾಗಾದ್ರೆ ನನ್ನ ಬಾವಿ ನೀರು ಒಳ್ಳೇದೇ ಅಲ್ವಾ ಟೀಚರೇ?"

"ಅದನ್ನ ಲ್ಯಾಬಿಗೆ ಕಳಿಸಿಯೇ ನೋಡ್ಬೇಕು. ಆ ಆಟದಿಂದ ಒಳ್ಳೇದು ಕೆಟ್ಟದ್ದು ಯಾವುದೂ ಗೊತ್ತಾಗೋದಿಲ್ಲ."

ಮಾಲತಿ ಅಂದೇ ಲೋಕೇಶನಿಗೆ ಫೋನ್ ಮಾಡಿದಳು. "ಬಿಲ್ಲಿನ ಕೆಳಗೆ ಓದಿ ಅಕ್ಕ, ಮಾರಿದ ಮಾಲು ವಾಪಸ್ ತಗೊಳ್ಳೋದಿಲ್ಲ ಅಂತ ಇದೆ," ಎಂದು ಅವನು ಇಟ್ಟುಬಿಟ್ಟ. ಸುಮಿತಾ ಬಿಲ್ಲನ್ನು ತಿರುಗಿಸಿ ನೋಡಿದಳು. "ಸುಳ್ಳು ತೋರಿಸಿ ಮಾರಿದ ಮೇಲೆ ಈ ಒಂದು ಸಾಲು ಅವರನ್ನ ಕಾಯೋದಿಲ್ಲ. ಬಿಲ್ ಜೋಪಾನ ಮಾಡಿ," ಎಂದು, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಹಚ್ಚಿ ಮಾಲತಿಯ ಕೈಗೇ ಕೊಟ್ಟಳು. ದೂರು ದಾಖಲಾಯಿತು.

ಆ ಗುರುವಾರ ಜಯಪ್ರಕಾಶ್ ಊಟ ಮಾಡುತ್ತ, ಅದೇ ಮನುಷ್ಯ ಇವತ್ತು ಬಾಳೆಲೆಯ ಸ್ತ್ರೀಶಕ್ತಿ ಸಂಘಕ್ಕೆ ಬರುತ್ತಾನಂತೆ ಎಂದ. ಮಾಲತಿ ಪಾತ್ರೆಗಳನ್ನು ಹಾಗೇ ಬಿಟ್ಟು, ಉಪ್ಪನ್ನು ಕಾಗದದಲ್ಲಿ ಕಟ್ಟಿಕೊಂಡು ಬಸ್ ಹತ್ತಿದಳು.

ಸಂಘದ ಕೋಣೆಯಲ್ಲಿ ಹದಿನೈದು ಹೆಂಗಸರಿದ್ದರು. ಲೋಟಗಳು ಮೇಜಿನ ಮೇಲೆ ಬಂದಾಗಿತ್ತು, ಒಂದು ಲೋಟ ಆಗಲೇ ಕಂದಾಗಿತ್ತು. ಬಾಗಿಲಲ್ಲಿ ಮಾಲತಿಯನ್ನು ಕಂಡ ಲೋಕೇಶ್ ಒಂದು ಕ್ಷಣ ತಡೆದು, ನಗು ತಂದುಕೊಂಡ. "ಇವರೂ ನಮ್ಮ ಗ್ರಾಹಕರೇ. ಮೆಷಿನ್ ಹೇಗಿದೆ ಅಂತ ಬೇಕಾದ್ರೆ ಕೇಳಿ."

"ಹೌದು, ನಾನೂ ತಗೊಂಡಿದ್ದೇನೆ," ಎಂದಳು ಮಾಲತಿ. "ಈಗ ಆ ತಿಳಿ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕ್ತೇನೆ."

"ಅದೆಲ್ಲ ಹಾಕೋ ಹಾಗಿಲ್ಲ ಅಕ್ಕ, ಪರೀಕ್ಷೆ ಕೆಡ್ತದೆ."

ಸಂಘದ ಅಧ್ಯಕ್ಷೆ ಕುಸುಮಾ ಕುರ್ಚಿಯಿಂದ ಎದ್ದಳು. "ಉಪ್ಪು ತಾನೇ, ವಿಷ ಅಲ್ವಲ್ಲ. ಹಾಕ್ಲಿ ಬಿಡಿ."

ಮಾಲತಿ ಕಾಗದ ಬಿಚ್ಚಿ ಒಂದು ಚಿಟಿಕೆ ಉಪ್ಪು ಹಾಕಿದಳು. ಅವಳೇ ಒಮ್ಮೆಯೂ ಮಾಡಿ ನೋಡಿರಲಿಲ್ಲ. ಏನೂ ಆಗದಿದ್ದರೆ? ಉಪ್ಪು ಕರಗಿತು, ಕರೆಂಟ್ ಹರಿಯಿತು. ಮೆಷಿನ್ ನೀರು ಬಾವಿ ನೀರಿಗಿಂತ ಬೇಗ ಕಂದಾಗಿ, ನೊರೆ ಉಕ್ಕಿಸಿತು.

"ಹಾಗಾದ್ರೆ ಉಪ್ಪೂ ಕೊಳಕಾ?" ಎಂದು ಒಬ್ಬ ಮುದುಕಿ ಗಾಬರಿಯಿಂದ ಕೇಳಿದಾಗ ಎಲ್ಲರೂ ನಕ್ಕರು. ಮಾಲತಿ ಸುಮಿತಾ ಹೇಳಿದ್ದನ್ನು ತನಗೆ ತಿಳಿದ ಮಾತಿನಲ್ಲಿ ವಿವರಿಸಿದಳು. ಅಂದು ಯಾರೂ ಮೆಷಿನ್ ಕೊಳ್ಳುವ ಫಾರಮಿಗೆ ಸಹಿ ಹಾಕಲಿಲ್ಲ.

ಬಸ್ಸಿಗೆ ಕಾಯುತ್ತಿದ್ದಾಗ ಲೋಕೇಶ್ ಹತ್ತಿರ ಬಂದ. "ಕಂಪನಿ ಕಲಿಸಿದ್ದನ್ನೇ ಮಾಡೋದು ಅಕ್ಕ. ತಿಂಗಳಿಗೆ ಹತ್ತು ಮೆಷಿನ್ ಹೋಗದಿದ್ರೆ ಸಂಬಳ ಇಲ್ಲ."

ಅವನ ಮುಖ ನೋಡಿ ಮಾಲತಿಗೆ ಅಯ್ಯೋ ಅನ್ನಿಸಿತು. ಆದರೂ ಹೇಳಿದಳು, "ನಿಮ್ಮ ಕಷ್ಟ ನನಗೂ ಗೊತ್ತಾಗ್ತದೆ. ಆದ್ರೆ ಊಟಕ್ಕೆ ಕೂತವರ ಎದುರು ನನ್ನ ಮರ್ಯಾದೆ ತೆಗೆದ್ರಲ್ಲ, ಅದು ಸರಿಯಾ?"

ಸಹಾಯವಾಣಿಯವರು ಕಳಿಸಿದ ಪತ್ರಕ್ಕೆ ಕಂಪನಿ ಉತ್ತರ ಕೊಡಲಿಲ್ಲ. ಸುಮಿತಾಳ ನೆರವಿನಿಂದ ಮಾಲತಿ ಮಡಿಕೇರಿಯ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಳು. ವಕೀಲರನ್ನು ಇಟ್ಟುಕೊಳ್ಳಲಿಲ್ಲ. ನಾಲ್ಕು ಸಲ ಹೋಟೆಲು ಮುಚ್ಚಿ ಮಡಿಕೇರಿಗೆ ಹೋಗಿ ಬಂದಳು. ನಾಲ್ಕನೇ ಸಲ ಕಂಪನಿಯ ವಕೀಲರು ರಾಜಿಗೆ ಒಪ್ಪಿದರು. ಮೆಷಿನ್ ವಾಪಸ್ ಹೋಯಿತು, ಪೂರ್ತಿ ಹಣವೂ ಓಡಾಟದ ಖರ್ಚೂ ಬಂತು.

ಅಷ್ಟರಲ್ಲಿ, ಮಾಲತಿ ಲ್ಯಾಬಿಗೆ ಕಳಿಸಿದ್ದ ಬಾವಿ ನೀರಿನ ವರದಿಯೂ ಕೈಸೇರಿತ್ತು. ಲವಣ, ಕಬ್ಬಿಣ ಎಲ್ಲ ಮಿತಿಯಲ್ಲೇ ಇತ್ತು. ಆದರೆ ರೋಗಾಣುಗಳಿವೆ, ಕುದಿಸಿ ಕುಡಿಯಬೇಕು ಎಂದಿತ್ತು. ಮಾಲತಿ ಆ ದಿನವಿಡೀ ಮಂಕಾಗಿದ್ದಳು. ಮಾರನೇ ದಿನ ಬಾವಿಯ ನೀರೆಲ್ಲ ಎತ್ತಿಸಿ ಶುಚಿ ಮಾಡಿಸಿದಳು, ಕ್ಲೋರಿನ್ ಹಾಕಿಸಿದಳು, ನೀರು ಕುದಿಸಲು ದೊಡ್ಡ ಹಂಡೆ ತಂದಳು.

"ಹಾಗಾದ್ರೆ ಅವನು ಹೇಳಿದ್ದೂ ಸುಳ್ಳಲ್ಲ ಅನ್ನಿ," ಎಂದ ಜಯಪ್ರಕಾಶ್.

"ಇದು ಅವನಿಗೂ ಗೊತ್ತಿರಲಿಲ್ಲ ರೈಟರೇ. ಅವನ ಕಡ್ಡಿ ರೋಗಾಣು ತೋರಿಸೋದಿಲ್ಲ. ರೋಗಾಣು ಸಾಯ್ಲಿಕ್ಕೆ ಕುದಿಸಿದ್ರೆ ಸಾಕು. ಅದಕ್ಕೆ ಹದಿನೆಂಟು ಸಾವಿರ ಯಾಕೆ?" ಎಂದು ಮಾಲತಿ ಅವನ ಲೋಟಕ್ಕೆ ಕುದಿಸಿ ಆರಿಸಿದ ನೀರು ಹಾಕಿದಳು. ಅವನು ಕುಡಿದ.

ಮುಂದಿನ ವಾರ ಕುಸುಮಾ ಬಾಳೆಲೆಯಿಂದ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಂದಳು. ಇಬ್ಬರೂ ಮೊದಲೇ ಅದೇ ಮೆಷಿನ್ ಕೊಂಡವರು. ಒಬ್ಬಳ ಹತ್ತಿರ ಬಿಲ್ಲಿತ್ತು, ಇನ್ನೊಬ್ಬಳ ಹತ್ತಿರ ಫೋನಿನಲ್ಲಿ ಹಣ ಕಳಿಸಿದ ಗುರುತು ಮಾತ್ರ.

"ಅದೂ ಆಗ್ತದೆ, ಅಳಿಸ್ಬೇಡಿ," ಎಂದಳು ಮಾಲತಿ. ಮೇಜು ಒರೆಸಿ, ಬಿಳಿ ಹಾಳೆ ಹರಡಿ, ಪೆನ್ನು ತೆಗೆದಳು. "ಯಾವ ತಾರೀಕಿಗೆ ಬಂದ, ಎಂತ ಹೇಳಿದ, ಅಲ್ಲಿಂದ ಶುರು ಮಾಡಿ."