ಎರಡು ಕೆಂಪು ಮುಚ್ಚಳ

ತಪ್ಪೆಲ್ಲ ಎರ್ಮೆಲಿಂದಾಳ ಜಿಪುಣತನದ್ದು. ತ್ರೂಕೊ ಇಸ್ಪೀಟು ಆಡುವ ಅರ್ಜೆಂಟೀನಾದವರು ಯಾರೇ ಆಗಲಿ, ಗೆದ್ದ ಅಂಕಕ್ಕೊಂದು ಒಣ ಬೀನ್ಸ್ ಕಾಳು ಎತ್ತಿಡುತ್ತಾರೆ. ಆದರೆ ಅಂಟಾರ್ಕ್ಟಿಕಾದ ಆ ಶಿಬಿರದಲ್ಲಿ ಅಡುಗೆಮನೆ ಅವಳ ಕೈಯಲ್ಲಿತ್ತು. "ನನ್ನ ಕಾಳು ಇರೋದು ಸಾರಿಗೆ, ನಿಮ್ಮ ಆಟಕ್ಕಲ್ಲ" ಎಂದು ಬಾಟಲಿಯ ಕೆಂಪು ಪ್ಲಾಸ್ಟಿಕ್ ಮುಚ್ಚಳಗಳನ್ನು ಕೊಟ್ಟಳು. ಬಿಸಿಲು ಬಿದ್ದಿದೆಯೆಂದು ಅವಳ ಆಟದ ಜೊತೆಗಾರ, ಮೆಕ್ಯಾನಿಕ್ ಬಸಿಲಿಯೊ, ಒಂದು ದಿನ ಆಟವನ್ನು ಹೊರಗೆ ಹೂಡಿದ. ಗಾಳಿ ಬೀಸಿ ಮುಚ್ಚಳಗಳು ಹಾರಿದವು. ಎರಡು ಬಿಟ್ಟು ಮಿಕ್ಕೆಲ್ಲ ಸಿಕ್ಕವು.

ಆ ಎರಡು ಸಿಕ್ಕಿದ್ದು ಪೆಂಗ್ವಿನ್‌ಗೆ. ಈ ಪೆಂಗ್ವಿನ್ನಿನಂಥ ಕಳ್ಳ ಇನ್ನೊಂದಿಲ್ಲ. ಗೂಡಿಗೆ ಬೇಕಾದ ಕಲ್ಲನ್ನು ದಂಡೆಯಿಂದ ಆರಿಸಿ ತರುವ ಬದಲು, ಪಕ್ಕದ ಗೂಡಿನವರು ಅತ್ತ ತಿರುಗಿದಾಗ ಎಗರಿಸುತ್ತದೆ. ಮರುವಾರ ನೋಡಿದರೆ ಬೂದು ಕಲ್ಲಿನ ಗೂಡೊಂದರಲ್ಲಿ ಎರಡು ಕೆಂಪು ಮುಚ್ಚಳ, ಅವುಗಳ ಮೇಲೆ ಎರಡು ಮೊಟ್ಟೆ. ತೆಗೆಯೋಣವೆಂದರೆ, ಅನುಮತಿಯಿಲ್ಲದೆ ಗೂಡಿನ ಐದು ಮೀಟರ್ ಒಳಗೆ ಮನುಷ್ಯರು ಸುಳಿಯುವಂತಿಲ್ಲ.

ಅಷ್ಟರಲ್ಲಿ ಪರಿಸರ ತಪಾಸಣೆಗೆಂದು ಡಾಕ್ಟರ್ ಅದೆಲ್ಮಾ ಹಡಗಿನಿಂದ ಇಳಿದರು. ಎರ್ಮೆಲಿಂದಾಳಿಗೆ ಇಲ್ಲಿ ಇನ್ನೊಂದು ವರ್ಷ ಸಿಗುವುದೂ ಬಿಡುವುದೂ ಅವರ ವರದಿಯ ಮೇಲೆ. ಐವತ್ತಾರು ದಾಟಿದವಳನ್ನು ಒಮ್ಮೆ ಕಳಿಸಿದರೆ ಮತ್ತೆ ಕರೆಯುವವರಿಲ್ಲ. ಈ ನಾರುವ, ಗದ್ದಲದ, ಕೊರೆಯುವ ದಂಡೆಯೆಂದರೆ ಅವಳಿಗೆ ಪ್ರಾಣ.

ಬಸಿಲಿಯೊನೂ ಸೇರಿ ಮೂವರೂ ಗೂಡುಗಳ ಕಡೆ ನಡೆದರು. ಡಾಕ್ಟರ್ ಕಾಗದಗಳಿಂದ ತಲೆಯೆತ್ತದೆ ಕೇಳಿದರು: "ಇಲ್ಲೆಲ್ಲಾದ್ರೂ ಪ್ಲಾಸ್ಟಿಕ್ ಬಿದ್ದಿದೆಯೇನಮ್ಮ?"

ಎರ್ಮೆಲಿಂದಾ ಡಾಕ್ಟರ ಹೆಗಲಾಚೆ ನಿಂತಿದ್ದ ಬಸಿಲಿಯೊನ ಮುಖ ನೋಡಿದಳು. ಅವನ ಎರಡೂ ಹುಬ್ಬು ಮೇಲೇರಿದವು. ತ್ರೂಕೊದಲ್ಲಿ ಜೊತೆಗಾರ ಹುಬ್ಬೇರಿಸಿದನೆಂದರೆ ಕತ್ತಿಯ ಎಕ್ಕ ಅವನ ಕೈಯಲ್ಲಿದೆ ಎಂದರ್ಥ. ಅದಕ್ಕಿಂತ ದೊಡ್ಡ ಎಲೆಯಿಲ್ಲ. ಭಲೇ ಕಳ್ಳ, ಹೇಗೋ ಮುಚ್ಚಳ ಎತ್ತಿ ಜೇಬಿಗಿಳಿಸಿದ್ದಾನೆ ಎಂದುಕೊಂಡಳು.

"ಪ್ಲಾಸ್ಟಿಕ್ಕಾ? ಒಂದು ಚೂರು ಸಿಕ್ಲಿ ಡಾಕ್ಟ್ರೇ, ಇದೇ ಹಡಗಲ್ಲಿ ಗಂಟುಮೂಟೆ ಕಟ್ಕೊಂಡು ಹೋಗ್ತೀನಿ."

ಪಾಪ, ಬಸಿಲಿಯೊ ಹುಬ್ಬೇರಿಸಿದ್ದು ಗಾಬರಿಗೆ. ಅವಳ ಬೆನ್ನ ಹಿಂದೆ ಬೇರೊಂದು ಪೆಂಗ್ವಿನ್ ಆ ಗೂಡಿನಿಂದ ಒಂದು ಮುಚ್ಚಳ ಕದ್ದು, ಕೊಕ್ಕಿನಲ್ಲಿ ಕಚ್ಚಿಕೊಂಡು ಓಲಾಡುತ್ತ ಬರುತ್ತಿತ್ತು. ನೇರ ಬಂದು ಅದನ್ನು ಡಾಕ್ಟರ ಬೂಟಿನ ಮುಂದಿಟ್ಟು, ಗೂಡಿಗೆ ಕಲ್ಲು ತಂದಾಗ ತನ್ನ ಹೆಂಡತಿಗೆ ಮಾಡುವ ಹಾಗೆಯೇ ತಲೆಬಾಗಿ ನಮಸ್ಕಾರ ಹಾಕಿತು.

ಡಾಕ್ಟರ್ ಮುಚ್ಚಳ ಎತ್ತಿ ತಿರುಗಿಸಿ ನೋಡಿದರು. "ಎಲ್ಲಿಂದಲೋ ಸಮುದ್ರ ತಂದಿರ್ಬೇಕು, ಅಲ್ವಾ?"

ಬಸಿಲಿಯೊ ಜೋರಾಗಿ ತಲೆಯಾಡಿಸಿದ. ತಪ್ಪಿಸಿಕೊಳ್ಳಲು ಡಾಕ್ಟರೇ ದಾರಿ ಮಾಡಿಕೊಟ್ಟಿದ್ದರು. ಆದರೆ ಸಮುದ್ರದ ಮೇಲೆ ಹೊರಿಸಿಬಿಟ್ಟರೆ ಎರಡನೆಯದನ್ನು ಯಾರೂ ಹುಡುಕುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿ ಕುಟುಕುವುದು ಅದನ್ನೇ. ಎರ್ಮೆಲಿಂದಾ ಡಾಕ್ಟರ ಮುಂದೆ ಬಂದು ನಿಂತಳು.

"ಸಮುದ್ರ ಅಲ್ಲ ಡಾಕ್ಟ್ರೇ, ನಾನು. ನನ್ನ ಅಡುಗೆಮನೇದು. ಇನ್ನೊಂದಿದೆ, ಅಗೋ ಆ ಗೂಡಲ್ಲಿ, ಮೊಟ್ಟೆ ಕೆಳಗೆ. ಅದನ್ನ ತೆಗೆಸಿ. ನಾನು ಮೂಟೆ ಕಟ್ತೀನಿ."

"ಗೆದ್ದ ಆಟ ಕೈಚೆಲ್ಲಿದೆಯಲ್ಲೇ," ಬಸಿಲಿಯೊ ಗೊಣಗಿದ.

ಡಾಕ್ಟರ್ ನಿಂತಲ್ಲೇ ಅನುಮತಿ ಬರೆದು ಅವಳ ಕೈಗಿತ್ತರು. ಎರ್ಮೆಲಿಂದಾ ಹಿಕ್ಕೆಯ ಮೇಲೆ ಬೋರಲಾಗಿ ತೆವಳಿ, ತಾಯಿ ಪೆಂಗ್ವಿನ್ನಿಂದ ಕೆನ್ನೆಗೆ ನಾಲ್ಕು ಬಾರಿಸಿಕೊಂಡು, ಮುಚ್ಚಳ ತೆಗೆದು ಅದರ ಜಾಗದಲ್ಲಿ ಕಲ್ಲೊಂದನ್ನಿಟ್ಟು ಬಂದಳು.

"ವರದೀಲಿ ನಿಮ್ಮ ತಪ್ಪು ಬರೀತೀನಿ," ಎಂದರು ಡಾಕ್ಟರ್. "ಶಿಕ್ಷೇನೂ ಬರೀತೀನಿ. ಗೂಡಿಗೆ ಕೈ ಹಾಕಿದವರು ಅದರ ಮರಿ ನೀರಿಗಿಳಿಯೋವರೆಗೂ ಇಲ್ಲೇ ಇದ್ದು ಕಾಯ್ಬೇಕು."

"ಅದು ಮಾರ್ಚಿಗಲ್ವಾ?" ಬಸಿಲಿಯೊ ತಲೆ ಕೆರೆದುಕೊಂಡ. "ಅಷ್ಟೊತ್ತಿಗೆ ಕೊನೇ ಹಡಗೂ ಹೋಗಿರತ್ತೆ. ಮತ್ತೆ ಬರೋದು ನವೆಂಬರಿಗೆ."

"ಹೌದಾ? ನಂಗೆ ಗೊತ್ತೇ ಇರ್ಲಿಲ್ಲ," ಎಂದು ಡಾಕ್ಟರ್ ಸಹಿ ಹಾಕಿದರು.

ಎರ್ಮೆಲಿಂದಾ ಗೂಡಿನಿಂದ ಐದು ಮೀಟರ್ ಅಳೆದು, ಹಿಕ್ಕೆ ಮೆತ್ತಿದ ಮೈಯಲ್ಲೇ ಅಲ್ಲಿ ಕೂತು, ಸಂತೋಷಕ್ಕೆ ಅತ್ತಳು.

"ಊಟಕ್ಕೇನು ಗತಿ?" ಬಸಿಲಿಯೊ ಕೇಳಿದ.

"ಇವತ್ತು ನೀನೇ ಮಾಡ್ಕೊಳ್ಳೋ. ನಾನು ಶಿಕ್ಷೆ ಅನುಭವಿಸ್ತಿದ್ದೀನಿ."