ಅಮಾಸ್ ಅಂದರೆ ಅಮಾಸಿಯಲ್ಲ

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಮುಗಿದು ನಾಲ್ಕು ವರ್ಷವಾಗಿತ್ತು. ನಿಲಂಗಾ ಕೋರ್ಟಿನಲ್ಲಿ ಉರ್ದು ಹೋಗಿ ಇಂಗ್ಲಿಷ್ ಬಂದಿತ್ತು. ಹೊಸ ಮುನ್ಸೀಫರಂತೂ ತೀರ್ಪಿನ ನಡುನಡುವೆ ಲ್ಯಾಟಿನ್ ಉಕ್ತಿಗಳನ್ನು ಒಗ್ಗರಣೆಯಂತೆ ಸಿಡಿಸುತ್ತಿದ್ದರು. ವಕೀಲ ವೈಜನಾಥ ಹಿಂದೆ ಬೀಳುವ ಗಿರಾಕಿಯಲ್ಲ. ಹೈದರಾಬಾದಿನಿಂದ ಹಳೆಯ ಲ್ಯಾಟಿನ್ ವ್ಯಾಕರಣವೊಂದನ್ನು ತರಿಸಿ ಓದಲು ಕುಳಿತ. ಊಟಕ್ಕೆ ಕರೆದರೂ ಓದು, ನೆಂಟರು ಬಂದರೂ ಓದು. ಹೆಂಡತಿ ಶಿವಗಂಗಾಬಾಯಿ ಹದಿನೈದು ದಿನ ನೋಡಿದಳು. “ಇನ್ನ ಆ ಕಿತಾಬಿನ ಜೋಡಿನೇ ಸಂಸಾರ ಮಾಡ್ರಿ,” ಎಂದು ಉದಗೀರದ ತವರಿಗೆ ಹೊರಟೇಹೋದಳು.

ತಿಂಗಳಾದರೂ ಬರಲಿಲ್ಲ. ಮನೆ ಬಿಕೋ ಎನ್ನತೊಡಗಿದಾಗ ವಕೀಲನಿಗೆ ಉಪಾಯವೊಂದು ಹೊಳೆಯಿತು. ಪುಸ್ತಕದ ಮೊದಲ ಕ್ರಿಯಾಪದವೇ ಪ್ರೀತಿಯದು: ಅಮೋ, ಪ್ರೀತಿಸುತ್ತೇನೆ, ಅಮಾಸ್, ಪ್ರೀತಿಸುತ್ತೀ, ಅಮತ್, ಪ್ರೀತಿಸುತ್ತಾನೆ. ತವರಿನಲ್ಲಿ ಹತ್ತು ಜನ ಓದುವ ಕಾರ್ಡಿನಲ್ಲಿ ಇಂಥದ್ದನ್ನು ಕನ್ನಡದಲ್ಲಿ ಬರೆಯಲಾದೀತೇ? “ಕರೆಯಲು ಬರುತ್ತೇನೆ. ಅಮಾಸ್?” ಎಂದು ಬರೆದು ಹಾಕಿದ. ಅರ್ಥವನ್ನು ಆಮೇಲೆ ಅವಳ ಕಿವಿಯಲ್ಲಿ ಹೇಳಿದರಾಯಿತು.

ವಕೀಲ ಉದಗೀರ ತಲುಪಿದಾಗ ಮಾವ ಮಾಣಿಕಪ್ಪ, ಧಾನ್ಯದ ವ್ಯಾಪಾರಿ, ಪಡಸಾಲೆಯಲ್ಲೇ ಕಾರ್ಡು ಹಿಡಿದು ಕುಳಿತಿದ್ದ.

“ಬರ್ರಿ ವಕೀಲಸಾಬ. ಅಮಾಸಿಗೆ ಕರಿಯಾಕ ಬರ್ತೀನಂತ ಬರದೀರಿ. ಅಮಾಸಿ ದಿನ ಯಾರರೆ ಮಗಳನ್ನ ಹೊಸ್ತಲಾ ದಾಟಸ್ತಾರೇನ್ರಿ? ಪಂಚಾಂಗ ನೋಡೂದು ಬಿಟ್ಟೀರೇನು?”

“ಅಮಾಸಿ ಅಲ್ರೀ ಮಾವಾರ, ಅಮಾಸ್. ಲ್ಯಾಟಿನ್. ಮೊದಲನೇ ಗಣದ ಕ್ರಿಯಾಪದ, ವರ್ತಮಾನ ಕಾಲ, ಮಧ್ಯಮ ಪುರುಷ…”

“ಪುರುಷ ಇರ್ಲಿ. ಅರ್ಥ ಹೇಳ್ರಿ. ಅರ್ಥ ತಿಳೀದ ನಾ ಮಗಳನ್ನ ಕಳಸಂಗಿಲ್ಲ.”

ಒಳಬಾಗಿಲ ಹಿಂದೆ ಬಳೆ ಸದ್ದಾಯಿತು. ಕೋರ್ಟಿನಲ್ಲಿ ತಾಸುಗಟ್ಟಲೆ ಮಾತಾಡುವ ವಕೀಲ ಮಾವನ ಮುಖ ಬಿಟ್ಟು ಗೋಡೆಯ ಗೂಟ ನೋಡುತ್ತ, “ಅಂದ್ರ… ನಿನಗ ನನ್ನ ಮ್ಯಾಲ ಜೀವ ಅದ ಏನು, ಅಂತ ಕೇಳೀನ್ರಿ,” ಎಂದ.

ಮಾಣಿಕಪ್ಪ ಕಾರ್ಡನ್ನು ಕೆಂಡ ಮುಟ್ಟಿದವನಂತೆ ಜಮಖಾನೆಯ ಮೇಲೆ ಬಿಟ್ಟ. ಒಮ್ಮೆ ಕೆಮ್ಮಿದ. “ದುಕಾನಕ್ಕ ತೊಗರಿ ಬಂದದ,” ಎಂದು ರುಮಾಲು ಸುತ್ತುತ್ತಲೇ ಮೆಟ್ಟಿಲಿಳಿದ.

ಶಿವಗಂಗಾಬಾಯಿ ಹೊರಬಂದಳು. ಬಾಯಿಗೆ ಸೆರಗು ಒತ್ತಿದ್ದಳು. ನಗು ಕಣ್ಣಲ್ಲಿ ತುಳುಕುತ್ತಿತ್ತು.

“ಇದನ್ನ ಕನ್ನಡದಾಗ ಮನ್ಯಾಗೇ ಕೇಳಿದ್ರ ಮೋಟಾರಿನ ಧೂಳರೆ ತಪ್ಪತಿತ್ತಲ್ರೀ. ಆತು, ಹಿಂದಿಂದಕ್ಕ ಏನಂತಾರ?”

“ಅಮಾಬಮ್. ಪ್ರೀತಿ ಮಾಡತಿದ್ದೆ ಅಂತ.”

“ಸುಳ್ಳ! ಆವಾಗ ಕಿತಾಬ ನೋಡತಿದ್ರಿ. ಮುಂದಿಂದಕ್ಕ?”

“ಅಮಾಬೋ.”

“ಹಂಗಾರ ಅದೊಂದನ್ನ ಛಲೋತ್ನಾಗಿ ಬಾಯಿಪಾಠ ಮಾಡಕೋತ ಕುಂದರ್ರಿ,” ಎಂದು ಅವಳು ಒಳಗೆ ತಿರುಗಿದಳು. “ನಾ ಸೀರಿ ಗಂಟ ಕಟ್ಟತೀನಿ.”