ಜೈಕಾರ ಇಳಿದ ಮೇಲೆ

ಬೆಳಗಿನ ಪಾಳಿ ಮುಗಿಸಿ ಡ್ರೈವರು ಬಸ್ ಡಿಪೋದ ವಿಶ್ರಾಂತಿ ಕೋಣೆಗೆ ಬಂದಾಗ ಅಲ್ಲಿ ಮತ್ತೆ ಪ್ರಧಾನಿಯದೇ ಮಾತು. ಡೀಸೆಲ್ ತುಟ್ಟಿಯಾಗಿ ಅರ್ಧ ಬಸ್ಸುಗಳು ಶೆಡ್ಡಿನಲ್ಲೇ ನಿಂತಿದ್ದವು. ಓವರ್‌ಟೈಮ್ ಕನಸಾಗಿತ್ತು. ಬೈಗುಳಕ್ಕೆ ಮಾತ್ರ ಬರವಿರಲಿಲ್ಲ. ಕೇಳಿ ಕೇಳಿ ಡ್ರೈವರಿಗೆ ಸಾಕಾಗಿತ್ತು.

ಹೋದ ವರ್ಷ ಗಡಿಯಲ್ಲಿ ಯುದ್ಧ ನಡೆದಾಗ ಇದೇ ಬಾಯಿಗಳು ಅದೇ ಮನುಷ್ಯನನ್ನು ಅಟ್ಟಕ್ಕೇರಿಸಿದ್ದವು. ಆಗ ಡ್ರೈವರ ಬಸ್ಸಿನ ಕಂಡಕ್ಟರು, ಗೆದ್ದದ್ದು ಸರಿ, ಆಸ್ಪತ್ರೆಯಲ್ಲಿ ಔಷಧಿ ಯಾಕಿಲ್ಲ ಎಂದು ಕೇಳಿ ದೇಶದ್ರೋಹಿ ಎನಿಸಿಕೊಂಡ. ಅವನ ಪಕ್ಕ ಕೂತು ಯಾರೂ ಉಣ್ಣಲಿಲ್ಲ. ವರ್ಷಗಟ್ಟಲೆ ಜೊತೆಗೆ ದುಡಿದ ಡ್ರೈವರೂ ಬುತ್ತಿ ಎತ್ತಿಕೊಂಡು ಬೇರೆ ಮೇಜಿಗೆ ಹೋಗಿದ್ದ. ಹತ್ತು ಜನರನ್ನು ಎದುರು ಹಾಕಿಕೊಳ್ಳುವ ಗುಂಡಿಗೆ ಅವನಿಗಿರಲಿಲ್ಲ.

ಈಗ ಗಾಳಿ ತಿರುಗಿತ್ತು. ಕಂಡಕ್ಟರ ಬೆನ್ನು ತಟ್ಟುವವರೇ ಎಲ್ಲ. ಪ್ರಧಾನಿಯನ್ನು ಬಿಟ್ಟುಕೊಡದೆ ಉಳಿದವನು ಮುದಿ ಮೆಕ್ಯಾನಿಕ್ ಒಬ್ಬನೇ; ನಟ್ಟು ಬಿಗಿಯುತ್ತಲೇ ಮುದಿಯಾದ ಅವನು ಡಿಪೋದವರ ಬಾಯಲ್ಲಿ ನಟ್ಟಜ್ಜ. ಸಿಪಾಯಿಯಾಗಿದ್ದ ಅವನ ಮಗ ಗಡಿಯಿಂದ ಜೀವಂತ ಮರಳಿದ್ದ. ಅಜ್ಜನಿಗೆ ಅಷ್ಟು ಸಾಕಾಗಿತ್ತು.

ಇವತ್ತು ಯಾರೋ ಅಜ್ಜನಿಗೆ, ನಿಮ್ಮ ನಾಯಕನ ಮನೆಗೇ ಹೋಗಿ ಉಣ್ಣಿ ಎಂದರು. ಎಲ್ಲರೂ ನಕ್ಕರು. ಅಜ್ಜ ಬುತ್ತಿ ಹಿಡಿದು ಶೆಡ್ಡಿಗೆ ಹೋಗಿ, ಹಳೇ ಟೈರಿನ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ಕಂಡಕ್ಟರೂ ಬುತ್ತಿ ಹಿಡಿದು ಶೆಡ್ಡಿನ ಕಡೆ ಹೊರಟ. ಡ್ರೈವರು ಬಾಗಿಲಲ್ಲಿ ಅವನನ್ನು ತಡೆದ.

"ಯುದ್ಧದ ಹೊತ್ತಲ್ಲಿ ನಿನ್ನನ್ನ ಎಲ್ಲರಿಗಿಂತ ಜೋರಾಗಿ ಬೈದೋನು ಆ ಅಜ್ಜನೇ ಅಲ್ವಾ?"

"ಹೌದು. ಅವನ ಮಾತು ಇವತ್ತಿಗೂ ನಂಗೆ ಒಪ್ಪಿಗೆ ಇಲ್ಲ. ಆದ್ರೆ ಜನ ಮುಖ ತಿರುಗಿಸಿದಾಗ ತುತ್ತು ಗಂಟಲಲ್ಲಿ ಇಳಿಯಲ್ಲ. ಅದು ನಂಗೊತ್ತು."

ಡ್ರೈವರು ತಲೆ ತಗ್ಗಿಸಿದ. "ಅವತ್ತು ನಾನೂ..."

"ಬಿಡು. ಬುತ್ತಿ ತಗೊಂಡು ಬಾ."

ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಡ್ರೈವರು ಬುತ್ತಿ ಎತ್ತಿಕೊಂಡು ಹೆಜ್ಜೆ ನಿಲ್ಲಿಸದೆ ಶೆಡ್ಡಿಗೆ ನಡೆದ.

ಮೂವರೂ ಟೈರುಗಳ ಮೇಲೆ ಕೂತು ಉಂಡರು. ಅಜ್ಜ ಮೊದಮೊದಲು ಬಿಗುಮಾನದಲ್ಲೇ ಇದ್ದ. ಆಮೇಲೆ ಡೀಸೆಲ್ ಬೆಲೆಗೆ ಹೊರದೇಶದವರೇ ಕಾರಣ ಎಂದ. ಕಂಡಕ್ಟರು ಸುಮ್ಮನಿರುವ ಆಸಾಮಿಯಲ್ಲ, ಔಷಧಿ ಇಲ್ಲದ್ದಕ್ಕೂ ಅವರೇ ಕಾರಣವಾ ಎಂದು ಕೇಳಿದ. ಇಬ್ಬರ ದನಿಯೂ ಏರಿತು. ಯಾರೂ ಸೋಲಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ.

ಪಾಳಿಯ ಗಂಟೆ ಹೊಡೆಯಿತು. ಮಂಡಿನೋವಿನ ಅಜ್ಜನನ್ನು ಕಂಡಕ್ಟರು ಕೈ ಹಿಡಿದು ಎಬ್ಬಿಸಿದ.

"ಉಳಿದ ಜಗಳ ನಾಳೆ," ಎಂದ ಅಜ್ಜ.